ಅಜ್ಜನ ಸೈಕಲ್ಲಿನ ಹಬ್: ಮಾರಬೇಕಾ, ಇಟ್ಟುಕೊಳ್ಳಬೇಕಾ?

ಕಾಪು ಸವಾರ:
ಅಜ್ಜ ಬೊಂಬಾಯಿಯಿಂದ ತಂದ ರ‍್ಯಾಲಿ ಸೈಕಲ್ ಬಿಚ್ಚಿದ್ದೇನೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳಿದರು. ಹಿಂದಿನ ಚಕ್ರದ ನಡುವಿನ ಹಬ್ಬಿನ ಜಿಡ್ಡು ಒರೆಸಿದಾಗ ‘ಸ್ಟರ್ಮಿ ಆರ್ಚರ್ ಎಡಬ್ಲ್ಯೂ’, ಪಕ್ಕದಲ್ಲಿ ‘62’, ‘5’ ಅಂತ ಕಂಡಿತು. ಬ್ರೂಕ್ಸ್ ಚರ್ಮದ ಸೀಟೂ ಉಂಟು, ಮಳೆಗಾಲಕ್ಕೆ ಬೂಸ್ಟು ಹಿಡಿದಿದೆ. ಸೈಕಲ್ಲಲ್ಲಿ ದೂರ ಹೋಗುವ ಟೂರಿಂಗ್‌ನವರು ತಗೊಳ್ಳುತ್ತಾರಾ?

ಮಲ್ಪೆ ಗಾಳಿ:
ಗುಜರಿಗೆ ಕೊಡಬೇಡಿ ಮಾರಾಯ್ರೆ! ಅದು ಸ್ಟರ್ಮಿ ಆರ್ಚರ್ ಕಂಪೆನಿಯ 1962ರ ಮೇ ತಿಂಗಳ ಹಬ್. ಮೂರು ಗೇರೂ ಒಳಗೇ ಇರುತ್ತವೆ. ಎಣ್ಣೆ ಬಿಡುವ ತೂತಿನ ಮುಚ್ಚಳ ಉಂಟಾ? ಗೇರು ಎಳೆಯುವ ಸಣ್ಣ ಸರಪಳಿ? ಅದಿಲ್ಲದಿದ್ದರೆ ರೇಟು ಇಳಿಸುತ್ತಾರೆ.

ಪಂಪ್‌ವೆಲ್ ಪೆಡಲ್:
ಅಳತೆ ಬರೆದು ಹಾಕಿ ಮಾರಿ, ಪುಣ್ಯ ಬರುತ್ತದೆ. ನಾನು ಸುಮ್ನೆ ಫೋಟೋ ನೋಡಿ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಭಾಗ) ತರಿಸಿದೆ. ಬಂದದ್ದು 35 ಮಿ.ಮೀ. ಫ್ರೆಂಚ್ ಥ್ರೆಡ್ (ತಿರುಪಿನ ಸುತ್ತು), ನನ್ನ ಫ್ರೇಮು ಇಂಗ್ಲಿಷ್ ಥ್ರೆಡ್ಡಿನದು. ಈಗ ಅದು ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಕೂತಿದೆ. ಹಾಂ, ಸೀಟನ್ನು ಬಿಸಿಲಿಗಿಡಬೇಡಿ, ಚರ್ಮ ಬಿರಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ.

ಕಾಪು ಸವಾರ:
ಮುಚ್ಚಳ ಉಂಟು. ಸರಪಳಿ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಕ್ಕಿತು! ಹಬ್ ಮಾರುತ್ತೇನೆ. ಸೀಟು ಕೊಡುವುದಿಲ್ಲ, ಅಜ್ಜ ಕೂತ ಗುಳಿ ಇನ್ನೂ ಹಾಗೇ ಉಂಟು.