ಕಪ್ಪೆ ಅರಭಟ್ಟನ ತ್ರಿಪದಿ: ಮಾತ್ರೆಯೋ ಅಂಶವೋ?

ರಮೇಶ (ಫಾರ್ವರ್ಡ್ ಆದ ಚಿತ್ರ): ಕಪ್ಪೆ ಅರಭಟ್ಟನನ್ನು ಹೊಗಳುವ ಬಾದಾಮಿ ಬಂಡೆ ಶಾಸನ, ಸು. ಕ್ರಿ.ಶ. 700.
ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ
ಐದು ಮಾತ್ರೆಯ (ಉಚ್ಚಾರದ ಕಾಲದ ಅಳತೆ) ಗತಿ, ಸಾಲುವಾರು ಮೊತ್ತ 20–18–13.

ಸುಧಾ: ಪದ್ಯ ಸರಿ, ಕೆಳಗಿನ ಒಕ್ಕಣೆ ತಪ್ಪು. ಇದು ಅಂಶಛಂದಸ್ಸು ಕಣೋ.

ರಮೇಶ: ಎಣಿಸಿದ್ದೀನಿ. ಮೊತ್ತ ಕರಾರುವಾಕ್ಕಾಗಿದೆ.

ಸುಧಾ: ಮೊತ್ತ ಬಿಡು, ಐದೈದಕ್ಕೆ ಕತ್ತರಿಸು. ‘ಸಾಧುಗೆ’ಗೆ ನಾಲ್ಕು, ಮುಂದಿನ ‘ಸಾ’ ಗುರು (ಎರಡು ಮಾತ್ರೆಯ ಅಕ್ಷರ), ಆರಾಯ್ತು. ಗುರುವನ್ನ ಸೀಳೋಕಾಗಲ್ಲ. ಮೊದಲ ಗಣದಲ್ಲೇ ಗತಿ ಮುಗ್ಗರಿಸ್ತು.

ಗಿರಿಜಕ್ಕ: ಗಣದ ಮೊದಲ ಅಂಶ ಒಂದು ಗುರು ಇಲ್ಲವೇ ಎರಡು ಲಘು (ಒಂದು ಮಾತ್ರೆಯ ಅಕ್ಷರ). ಆಮೇಲೆ ಅಕ್ಷರಕ್ಕೊಂದು ಅಂಶ, ಲಘುವಾದರೂ ಗುರುವಾದರೂ. ವಿಷ್ಣು ಗಣಕ್ಕೆ ಮೂರು ಅಂಶ, ಬ್ರಹ್ಮ ಗಣಕ್ಕೆ ಎರಡು. ಹನ್ನೊಂದು ಗಣ, 6 ಮತ್ತು 10 ಬ್ರಹ್ಮ, ಉಳಿದದ್ದೆಲ್ಲ ವಿಷ್ಣು.
ಸಾಧುಗೆ | ಸಾಧುಮಾ | ಧುರ್ಯಂಗೆ | ಮಾಧುರ್ಯಂ
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಮಾಧವ | ನೀತನ್ | ಪೆರನಲ್ಲ

ರಮೇಶ: ‘ಮಾ’ ಯಾಕೆ ಒಡೆದ್ರಿ ಅಕ್ಕ? ಪದ ಎರಡು ತುಂಡಾಯ್ತಲ್ಲ.

ಗಿರಿಜಕ್ಕ: ಎಲ್ಲರೂ ಎಡವೋದು ಇಲ್ಲೇ. ಪದ ಮುಗಿದಲ್ಲಿ ಗೆರೆ ಎಳೆದರೆ ‘ಸಾಧು’ ಎರಡಂಶ, ‘ಮಾಧುರ್ಯಂಗೆ’ ನಾಲ್ಕಂಶ. ಬ್ರಹ್ಮ, ರುದ್ರ (ನಾಲ್ಕಂಶದ ಗಣ) ಆಗಿಬಿಡ್ತವೆ. ಗಣಕ್ಕೆ ಪದದ ಹಂಗಿಲ್ಲಪ್ಪ.

ರಮೇಶ: ಹಾಗಿದ್ರೆ ಮೊತ್ತ ಹೇಗೆ ಕೂಡಿಬಂತು?

ಸುಧಾ: ಗಣವಾರು ಮಾತ್ರೆ ನೋಡು. ವಿಷ್ಣುವಿಗೆ ಐದು, ಬ್ರಹ್ಮಕ್ಕೆ ಮೂರು ಅಂದರೆ ನಿನ್ನ ಮೊತ್ತ ಬರುತ್ತೆ. ಇಲ್ಲಿರೋದು 4, 5, 5, 6. ಎರಡನೇ ಸಾಲು 5, 3, 4, 6. ಮೂರನೇದು 4, 4, 5. ಪ್ರತಿ ಸಾಲಲ್ಲೂ ಒಂದು ಗಣದಲ್ಲಿ ಒಂದು ಮಾತ್ರೆ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. ಸರಿತೂಗಿದ್ದು ಆಕಸ್ಮಿಕ.

ರಮೇಶ: ಮೂರು ಸಾಲಲ್ಲೂ ಆಕಸ್ಮಿಕವಾ? ನಂಗೆ ಒಪ್ಪೋಕೆ ಕಷ್ಟ.

ಗಿರಿಜಕ್ಕ: ಅದೇ ಶಾಸನದ ‘ಕಟ್ಟಿದ ಸಿಂಘಮನ್’ ತ್ರಿಪದಿ ತಗೊ. ಕೊನೇ ಸಾಲು: ಕೆಟ್ಟರ್ ಮೇಣ್ | ಸತ್ತ | ರವಿಚಾರಂ. ಅಂಶ 3, 2, 3, ಲಕ್ಷಣಕ್ಕೆ ಸರಿ. ಮಾತ್ರೆ 6, 3, 6. ಒಟ್ಟು 15, ನಿನ್ನ 13 ಅಲ್ಲ.

ಸುಧಾ: ಅಂಶಗಣದ ಜೀವ ಹಾಡಿನಲ್ಲಿದೆ. ‘ಮಾಧವ’ ಎಳೆದು, ‘ಮಾಧುರ್ಯಂ’ ಒತ್ತಿ ಹೇಳಿದರೆ ಎರಡೂ ಒಂದೇ ಅಳತೆಗೆ ಬರ್ತವೆ. ಐದೇ ಮಾತ್ರೆ ಅಂತ ಕಟ್ಟಿಹಾಕಿದರೆ ಆ ಬಾಗು-ಬಳುಕೇ ಹೋಗುತ್ತೆ.

ಗಿರಿಜಕ್ಕ: ಪ್ರಾಸವನ್ನೂ ಸೇರಿಸಿ. ಸಾಧು, ಬಾಧಿ, ಮಾಧ: ಮೂರರಲ್ಲೂ ಎರಡನೇ ವ್ಯಂಜನ ಧ, ಹಿಂದೆ ದೀರ್ಘ. ಗಜಪ್ರಾಸ. ‘ಕಟ್ಟಿದ’ ತ್ರಿಪದಿಯಂತೆ ಕಟ್ಟಿ, ಬಿಟ್ಟ, ಕೆಟ್ಟ ಬಂದರೆ ದಡ್ಡಕ್ಕರ (ಒಂದೇ ವ್ಯಂಜನದ ಒತ್ತು), ಹಯಪ್ರಾಸ.

ರಮೇಶ: ‘ಕಟ್ಟಿದ’ದ ಮೊದಲೆರಡು ಸಾಲು ನಾನೇ ಬಿಡಿಸ್ತೀನಿ. ಅಲ್ಲಿಯವರೆಗೆ ಈ ಚಿತ್ರ ಬೇರೆ ಗುಂಪಿಗೆ ಕಳಿಸಲ್ಲ.

ಸುಧಾ: ‘ಕೆಟ್ಟೊದೇನೆಮಗೆಂದು’ ಹತ್ರ ಜೋಪಾನ. ಕೆಟ್ಟೊದೇ | ನೆಮಗೆಂದು. ‘ನೆಮ’ ಎರಡು ಲಘು, ಒಂದೇ ಅಂಶ.