ಥಿನ್ ಕ್ಲೈಂಟ್‌ಗಳಲ್ಲಿ ಜಿಕಾಂಪ್ರಿಸ್ ಮಾತ್ರ ತೆವಳುತ್ತಿದೆ, ಉಳಿದದ್ದೆಲ್ಲ ಸರಿ ಇದೆ. ಏನು ನೋಡಬೇಕು?

ಲ್ಯಾಬ್‌ಟೀಚರ್

ನಮಸ್ಕಾರ. ಶಾಲೆಯ ಲ್ಯಾಬ್‌ನಲ್ಲಿ ಒಂದು ಸರ್ವರ್, ಅದಕ್ಕೆ 16 ಥಿನ್ ಕ್ಲೈಂಟ್ (ಸರ್ವರ್ ನಂಬಿ ನಡೆಯುವ ಚಿಕ್ಕ ಕಂಪ್ಯೂಟರ್) ಇವೆ. ಸರ್ವರ್‌ನಲ್ಲಿ 4 ಕೋರ್, 16 ಜಿಬಿ ರ್‍ಯಾಮ್, ಉಬುಂಟು 18.04, ಕ್ಲೈಂಟ್‌ಗಳನ್ನು ನಡೆಸಲು ಎಲ್‌ಟಿಎಸ್‌ಪಿ 5 ಅನ್ನುವ ಸಾಫ್ಟ್‌ವೇರ್. ಕ್ಲೈಂಟ್‌ಗಳಿಗೆ ಹಾರ್ಡ್ ಡಿಸ್ಕ್ ಇಲ್ಲ, ನೆಟ್‌ವರ್ಕ್‌ನಿಂದಲೇ ಬೂಟ್ ಆಗುತ್ತವೆ. ಸರ್ವರ್‌ನಿಂದ ಸ್ವಿಚ್‌ಗೆ ಗಿಗಾಬಿಟ್, ಕ್ಲೈಂಟ್‌ಗಳೆಲ್ಲ 100 ಎಂಬಿಪಿಎಸ್.

ಲಿಬ್ರೆಆಫೀಸ್ ಚೆನ್ನಾಗಿ ಓಡುತ್ತದೆ. ಮಕ್ಕಳ ಕಲಿಕೆಯ ಆಟಗಳಿರುವ ಜಿಕಾಂಪ್ರಿಸ್ ತೆರೆದರೆ ಮಾತ್ರ ಕಥೆ ಬೇರೆ. ಒಬ್ಬರೇ ಕೂತರೆ ಹೇಗೋ ನಡೆಯುತ್ತದೆ. ಐದಾರು ಮಕ್ಕಳು ಒಟ್ಟಿಗೆ ತೆರೆದರೆ ಮೌಸ್ ಒಂದು ಕಡೆ, ಅದು ಎಳೆಯುತ್ತಿರುವ ಚಿತ್ರ ಇನ್ನೊಂದು ಕಡೆ. ಧ್ವನಿಯೂ ತುಂಡು ತುಂಡಾಗಿ ಬರುತ್ತದೆ. ಚಿಕ್ಕ ಮಕ್ಕಳು ಒಮ್ಮೆ ಒತ್ತುತ್ತಾರೆ, ಏನೂ ಆಗಲ್ಲ, ಮತ್ತೆ ಮತ್ತೆ ಒತ್ತುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಅಷ್ಟೂ ಕ್ಲಿಕ್ ಒಟ್ಟಿಗೆ ಬಂದು ಆಟದಿಂದಲೇ ಹೊರಗೆ ಬಿದ್ದಿರುತ್ತಾರೆ. ತಾವೇ ಏನೋ ಕೆಡಿಸಿದೆವು ಅಂದುಕೊಂಡು ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಅದನ್ನು ನೋಡೋಕೆ ಆಗಲ್ಲ.

ಸರ್ವರ್‌ಗೆ ಇನ್ನಷ್ಟು ರ್‍ಯಾಮ್ ಹಾಕಿಸಿದರೆ ಸರಿ ಹೋಗುತ್ತಾ?

ಹಳೇಪೆಟ್ಟಿಗೆ

ಮೇಡಂ, ರ್‍ಯಾಮ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಎರಡು ವಿಷಯ ನೋಡಿ ಹೇಳಿ. ಆರು ಮಕ್ಕಳು ಜಿಕಾಂಪ್ರಿಸ್ ತೆರೆದಾಗ ಸರ್ವರ್‌ನಲ್ಲಿ ಟಾಪ್ ಅನ್ನುವ ಆದೇಶ ಓಡಿಸಿ. ಪ್ರೊಸೆಸರ್ ತಿನ್ನುತ್ತಿರುವುದು ಯಾವುದು, ರ್‍ಯಾಮ್ ಎಷ್ಟು ಖಾಲಿ ಇದೆ ನೋಡಿ. ಆಮೇಲೆ ಯಾವುದಾದರೂ ಕ್ಲೈಂಟ್‌ನಲ್ಲಿ ಲಾಗಿನ್ ಆಗಿ ಜಿಎಲ್‌ಎಕ್ಸ್‌ಇನ್ಫೋ ಆದೇಶ ಓಡಿಸಿ, ರೆಂಡರರ್ (ಚಿತ್ರ ಬರೆಯುವವ) ಅಂತ ಇರುವ ಸಾಲಿನಲ್ಲಿ ಏನು ಬರುತ್ತದೆ ತಿಳಿಸಿ.

ಲ್ಯಾಬ್‌ಟೀಚರ್

ನೋಡಿದೆ. ಟಾಪ್‌ನಲ್ಲಿ ಮೇಲಿನ ಆರೂ ಸಾಲು ಜಿಕಾಂಪ್ರಿಸ್‌ನವೇ, ಅದರ ಕೆಳಗೆ ಎಸ್‌ಎಸ್‌ಎಚ್ (ಸರ್ವರ್, ಕ್ಲೈಂಟ್ ನಡುವಿನ ಗುಪ್ತ ಸಂಪರ್ಕ). ನಾಲ್ಕೂ ಕೋರ್ ತುಂಬಿಹೋಗಿವೆ. ರ್‍ಯಾಮ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ರೆಂಡರರ್ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಇದೆ.

ಹಳೇಪೆಟ್ಟಿಗೆ

ಹಾಗಾದರೆ ಕಾರಣ ಸಿಕ್ಕಿತು. ನಿಮ್ಮ ಜೋಡಣೆಯಲ್ಲಿ ಪ್ರೋಗ್ರಾಂ ಓಡುವುದು ಸರ್ವರ್‌ನಲ್ಲಿ, ಕ್ಲೈಂಟ್ ಬರೀ ಪರದೆ ತೋರಿಸುತ್ತದೆ. ಲಿಬ್ರೆಆಫೀಸ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಪರದೆಯ ಚೂರು ಭಾಗ ಮಾತ್ರ ಬದಲಾಗುತ್ತದೆ, ಆ ಚೂರು ಮಾತ್ರ ತಂತಿಯಲ್ಲಿ ಹೋಗುತ್ತದೆ. ಹಳೇ ಜಿಕಾಂಪ್ರಿಸ್ ಜಿಟಿಕೆ ಅನ್ನುವ ಪರದೆ ಕಟ್ಟುವ ಸಲಕರಣೆಯ ಮೇಲೆ ಇತ್ತು. 2014ರಿಂದ ಅದನ್ನು ಕ್ಯೂಟಿ ಕ್ವಿಕ್ ಅನ್ನುವ ಇನ್ನೊಂದು ಸಲಕರಣೆಗೆ ಬದಲಾಯಿಸಿದರು. ಇದು ಗ್ರಾಫಿಕ್ಸ್ ಚಿಪ್ ಬಳಸುವ ಓಪನ್‌ಜಿಎಲ್ ಮೇಲೆ ಚಿತ್ರ ಬರೆಯುತ್ತದೆ. ಮೂಲೆಯಲ್ಲಿ ಒಂದು ಮೀನು ಅಲುಗಾಡಿದರೂ ಇಡೀ ಕಿಟಕಿಯನ್ನು ಹೊಸದಾಗಿ ಬರೆಯುತ್ತದೆ. ಥಿನ್ ಕ್ಲೈಂಟ್‌ನ ಗ್ರಾಫಿಕ್ಸ್ ಚಿಪ್ ಸರ್ವರ್‌ನ ಕೈಗೆ ಸಿಗಲ್ಲ, ಹಾಗಾಗಿ ಆ ಕೆಲಸವನ್ನೆಲ್ಲ ಸರ್ವರ್‌ನ ಪ್ರೊಸೆಸರ್ ಮಾಡಬೇಕು. ಎಲ್‌ಎಲ್‌ವಿಎಂಪೈಪ್ ಅಂದರೆ ಅದೇ.

ಈಗ ತಂತಿಯ ಲೆಕ್ಕ ನೋಡಿ. 1024×768 ಪರದೆ, ಒಂದು ಚುಕ್ಕಿಗೆ 4 ಬೈಟ್. ಒಂದು ಪೂರ್ತಿ ಫ್ರೇಮ್‌ಗೆ (ಪರದೆಯ ಒಂದು ಚಿತ್ರಕ್ಕೆ) ಸುಮಾರು 31 ಲಕ್ಷ ಬೈಟ್. 100 ಎಂಬಿಪಿಎಸ್ ತಂತಿಯಲ್ಲಿ ಸೆಕೆಂಡಿಗೆ ಜಾಸ್ತಿ ಅಂದರೆ 125 ಲಕ್ಷ ಬೈಟ್ ಹೋಗಬಹುದು. ಅಂದರೆ ಸೆಕೆಂಡಿಗೆ 4 ಫ್ರೇಮ್, ಅಷ್ಟೇ. 16 ಕ್ಲೈಂಟ್ ಒಟ್ಟಿಗೆ ಕೂತರೆ ಸರ್ವರ್‌ನ ಗಿಗಾಬಿಟ್ ತಂತಿಯೂ ಸಾಲಲ್ಲ, ಒಬ್ಬೊಬ್ಬರಿಗೆ ಎರಡೂವರೆ ಫ್ರೇಮ್. ಇದರ ಮೇಲೆ ಎಸ್‌ಎಸ್‌ಎಚ್ ಎಲ್ಲವನ್ನೂ ಗುಪ್ತಲಿಪಿಗೆ ಹಾಕಬೇಕು. ಧ್ವನಿಯೂ ಇದೇ ತಂತಿಯಲ್ಲಿ ಬರುತ್ತದೆ, ಅದಕ್ಕೇ ತುಂಡಾಗುತ್ತಿದೆ. ರ್‍ಯಾಮ್ ಎಷ್ಟು ಹಾಕಿದರೂ ಈ ಲೆಕ್ಕ ಬದಲಾಗಲ್ಲ.

ನಾಳೆಯ ತರಗತಿಗೆ ಒಂದು ಉಪಾಯ. ಕ್ಯೂಟಿ ಕ್ವಿಕ್ ಬ್ಯಾಕೆಂಡ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂ ತೆರೆಯುವಾಗ ಓದುವ ಸೆಟ್ಟಿಂಗ್‌ಗೆ) ಸಾಫ್ಟ್‌ವೇರ್ ಅಂತ ಬೆಲೆ ಕೊಟ್ಟು ಜಿಕಾಂಪ್ರಿಸ್ ತೆರೆಯಿರಿ. ಕ್ಯೂಟಿ 5.8ರಿಂದ ಈ ಸೌಲಭ್ಯ ಇದೆ, ನಿಮ್ಮಲ್ಲಿರುವುದು 5.9. ಹೀಗೆ ಮಾಡಿದರೆ ಬದಲಾದ ಭಾಗವನ್ನಷ್ಟೇ ಬರೆಯುತ್ತದೆ. ಗುಳ್ಳೆ, ಕಿಡಿ ಹಾರುವಂಥ ಕೆಲವು ಅಲಂಕಾರ ಕಾಣಿಸಲ್ಲ, ಆಟಕ್ಕೆ ತೊಂದರೆ ಇಲ್ಲ. ಜೊತೆಗೆ ಎಲ್‌ಟಿಎಸ್‌ಪಿಯ ಸೆಟ್ಟಿಂಗ್ ಕಡತ ಎಲ್‌ಟಿಎಸ್.ಕಾನ್ಫ್‌ನಲ್ಲಿ ಎಲ್‌ಡಿಎಂ ಡೈರೆಕ್ಟ್‌ಎಕ್ಸ್ ಆನ್ ಮಾಡಿದರೆ ಪರದೆಯ ಚಿತ್ರಕ್ಕೆ ಗುಪ್ತಲಿಪಿ ತಪ್ಪುತ್ತದೆ. ಒಂದು ಎಚ್ಚರ: ಲಾಗಿನ್ ಪಾಸ್‌ವರ್ಡ್ ಭದ್ರವಾಗಿಯೇ ಹೋಗುತ್ತದೆ, ಆದರೆ ಆಮೇಲೆ ಟೈಪ್ ಮಾಡಿದ್ದೆಲ್ಲ ಬಯಲಲ್ಲಿ ಹೋಗುತ್ತದೆ. ಲ್ಯಾಬ್‌ನ ನೆಟ್‌ವರ್ಕ್ ಬೇರೆಯೇ ಇದ್ದರೆ ಮಾತ್ರ ಮಾಡಿ.

ಲ್ಯಾಬ್‌ಟೀಚರ್

ಸಾಫ್ಟ್‌ವೇರ್ ಬ್ಯಾಕೆಂಡ್ ಹಾಕಿದ ತಕ್ಷಣ ವ್ಯತ್ಯಾಸ ಕಾಣಿಸಿತು! ಅಕ್ಷರ, ಎಣಿಕೆ ಆಟಗಳು ಈಗ ನಡೆಯುತ್ತವೆ. ಹಿನ್ನೆಲೆ ಪೂರ್ತಿ ಚಲಿಸುವ ಆಟಗಳು ಇನ್ನೂ ನಿಧಾನ. 16 ಮಕ್ಕಳೂ ಕೂತರೆ ಮತ್ತೆ ಹಳೇ ಪಾಡು. ಇದಕ್ಕೆ ಪೂರ್ತಿ ಪರಿಹಾರ ಇದೆಯಾ?

ಸ್ವಿಚ್ಚುಗಂಟು

ಇದೆ. ಚಿತ್ರ ಬರೆಯುವ ಕೆಲಸವನ್ನು ಕ್ಲೈಂಟ್‌ಗೇ ಒಪ್ಪಿಸಿ. ಆಗಲೂ ಕ್ಲೈಂಟ್ ನೆಟ್‌ವರ್ಕ್‌ನಿಂದಲೇ ಬೂಟ್ ಆಗುತ್ತದೆ, ಹಾರ್ಡ್ ಡಿಸ್ಕ್ ಬೇಕಿಲ್ಲ, ಆದರೆ ಪ್ರೋಗ್ರಾಂ ಓಡುವುದು ಅದರದ್ದೇ ಪ್ರೊಸೆಸರ್ ಮತ್ತು ರ್‍ಯಾಮ್‌ನಲ್ಲಿ. ಫ್ಯಾಟ್ ಕ್ಲೈಂಟ್ ಅನ್ನುವುದು ಇದಕ್ಕೇ. 18.04ರ ಮಾಮೂಲಿ ಅಪ್‌ಡೇಟ್ 2023ರಲ್ಲೇ ನಿಂತಿದೆ, ಹೇಗೂ ಸರ್ವರ್ ಹೊಸದು ಮಾಡಲೇಬೇಕು. ಎಲ್‌ಟಿಎಸ್‌ಪಿಯನ್ನು 2019ರಲ್ಲಿ ಬುಡದಿಂದ ಹೊಸದಾಗಿ ಬರೆದರು, ಉಬುಂಟು 20.04ರಿಂದ ಅದೇ ಬರುತ್ತದೆ. ಅದರಲ್ಲಿ ಈ ರೀತಿಯೇ ಮಾಮೂಲು.

ಮಾಡುವ ಕೆಲಸವೂ ಕಡಿಮೆ. ಸರ್ವರ್‌ನಲ್ಲೇ ಜಿಕಾಂಪ್ರಿಸ್, ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಎಲ್ಲ ಹಾಕಿ, ಎಲ್‌ಟಿಎಸ್‌ಪಿ ಇಮೇಜ್ ಆದೇಶ ಕೊಟ್ಟರೆ ಆ ಸರ್ವರ್‌ನದೇ ನಕಲು (ಇಮೇಜ್) ಕ್ಲೈಂಟ್‌ಗಳಿಗೆ ಸಿದ್ಧವಾಗುತ್ತದೆ. ನೆಟ್‌ವರ್ಕ್ ಬೂಟ್‌ಗೆ ದಾರಿ ತೋರಿಸುವ ಡಿಎನ್‌ಎಸ್‌ಮಾಸ್ಕ್ ಅನ್ನು ಪ್ರಾಕ್ಸಿ ರೀತಿಯಲ್ಲಿ ಇಟ್ಟರೆ ಈಗಿರುವ ರೌಟರ್ ಮುಟ್ಟಬೇಕಿಲ್ಲ. ಹೊಸ ಪ್ರೋಗ್ರಾಂ ಹಾಕಿದಾಗಲೆಲ್ಲ ಇಮೇಜ್ ಮತ್ತೆ ಕಟ್ಟಬೇಕು, ಇದನ್ನು ಜನ ಮರೆಯುವುದೇ ಜಾಸ್ತಿ.

ಮೊದಲು ಕ್ಲೈಂಟ್‌ಗಳ ರ್‍ಯಾಮ್ ನೋಡಿ. 2 ಜಿಬಿ ಇದ್ದರೆ ನಿಶ್ಚಿಂತೆ. ಎಲ್‌ಎಸ್‌ಸಿಪಿಯು ಆದೇಶ ಓಡಿಸಿ ಪ್ರೊಸೆಸರ್ 64 ಬಿಟ್ ಇದೆಯಾ ಅಂತಲೂ ನೋಡಿ.

ಲ್ಯಾಬ್‌ಟೀಚರ್

13ರಲ್ಲಿ 2 ಜಿಬಿ, 64 ಬಿಟ್ ಇದೆ. 22.04 ಹಾಕಿ ನೀವು ಹೇಳಿದಂತೆ ಮಾಡಿದೆ. ಜಿಕಾಂಪ್ರಿಸ್ ಈಗ ಆ 13ರಲ್ಲೂ ಒಂದೇ ಸಮ ಓಡುತ್ತದೆ, ಸರ್ವರ್ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ. ಮಕ್ಕಳು ಒತ್ತಿದ ಕೂಡಲೇ ಉತ್ತರ ಬರುತ್ತದೆ, ತುಂಬಾ ಖುಷಿಯಾಯಿತು.

ಎರಡು ವಿಷಯ ಉಳಿದಿವೆ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಇಡೀ ಲ್ಯಾಬ್ ಆಗಾಗ ಅರ್ಧ ನಿಮಿಷ ಸ್ತಬ್ಧವಾಗುತ್ತದೆ. ಇನ್ನು ಉಳಿದ 3 ಪೆಟ್ಟಿಗೆ 32 ಬಿಟ್, 1 ಜಿಬಿ. ಅವನ್ನು ಬಿಸಾಡಲು ಮನಸ್ಸಿಲ್ಲ.

ಸ್ವಿಚ್ಚುಗಂಟು

ಸ್ತಬ್ಧವಾಗುವುದಕ್ಕೆ ನನ್ನ ಅನುಮಾನ ಫ್ಲೋ ಕಂಟ್ರೋಲ್ ಮೇಲೆ. ಸರ್ವರ್ ಗಿಗಾಬಿಟ್ ವೇಗದಲ್ಲಿ ಕಳಿಸುತ್ತದೆ, ಕ್ಲೈಂಟ್ 100ರಲ್ಲಿ ತೆಗೆದುಕೊಳ್ಳುತ್ತದೆ. ನಿಧಾನದ ಪೋರ್ಟ್‌ನ ಬಫರ್ ತುಂಬಿದಾಗ ಸ್ವಿಚ್ ಸರ್ವರ್‌ಗೆ ಸ್ವಲ್ಪ ನಿಲ್ಲು ಅನ್ನುತ್ತದೆ. ಸರ್ವರ್ ಆ ಒಂದು ಕ್ಲೈಂಟ್‌ಗೆ ಮಾತ್ರ ನಿಲ್ಲಿಸುವುದಿಲ್ಲ, ಎಲ್ಲರಿಗೂ ನಿಲ್ಲಿಸುತ್ತದೆ. ಬಾಗಿಲಲ್ಲಿ ಒಬ್ಬ ನಿಂತರೆ ಹಿಂದಿದ್ದ ಸಾಲೆಲ್ಲ ನಿಂತ ಹಾಗೆ. ಇಥ್‌ಟೂಲ್ ಆದೇಶದಿಂದ ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಆರ್‌ಎಕ್ಸ್ (ಪಡೆಯುವ), ಟಿಎಕ್ಸ್ (ಕಳಿಸುವ) ಎರಡೂ ಪಾಝ್, ಅಂದರೆ ನಿಲ್ಲು ಅನ್ನುವ ಸೂಚನೆ, ಆಫ್ ಮಾಡಿ. ಸ್ವಿಚ್‌ನಲ್ಲಿ ಆ ಸೆಟ್ಟಿಂಗ್ ಇದ್ದರೆ ಅಲ್ಲೂ ಆಫ್ ಮಾಡಿ. ಹಾಗೇ ಪ್ರತಿ ಕ್ಲೈಂಟ್‌ನ ವೇಗವನ್ನೂ ಇಥ್‌ಟೂಲ್‌ನಲ್ಲಿ ನೋಡಿ. ಯಾವುದಾದರೂ 10 ಎಂಬಿಪಿಎಸ್ ತೋರಿಸಿದರೆ ಅದರ ಕೇಬಲ್ ಅಥವಾ ತುದಿಯ ಪ್ಲಗ್ ಹಾಳಾಗಿರಬಹುದು.

ಹಳೇಪೆಟ್ಟಿಗೆ

ಆ ಮೂರನ್ನು ಬಿಸಾಡಬೇಡಿ. 64 ಬಿಟ್ ಇಮೇಜ್ ಅವುಗಳಲ್ಲಿ ಏಳುವುದೇ ಇಲ್ಲ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ 12ಕ್ಕೆ 32 ಬಿಟ್ ಆವೃತ್ತಿ ಇದೆ, 13ರಲ್ಲಿ ಅದರ ಇನ್‌ಸ್ಟಾಲರ್ ನಿಲ್ಲಿಸಿದ್ದಾರೆ. 12ರಿಂದ ಇನ್ನೊಂದು ಇಮೇಜ್ ಕಟ್ಟಿ ಇದೇ ಸರ್ವರ್‌ನಲ್ಲಿ ಇಡಿ, ಬೂಟ್ ಮೆನುವಿನಲ್ಲಿ ಎರಡೂ ಬರುತ್ತವೆ. ಡೆಸ್ಕ್‌ಟಾಪ್ ಹಗುರವಾದದ್ದು ಹಾಕಿ, ಎಲ್‌ಎಕ್ಸ್‌ಡಿಇ ಸಾಕು. ಡಿಸ್ಕ್ ಇಲ್ಲದ್ದರಿಂದ ಸ್ವಾಪ್ (ನೆನಪು ಸಾಲದಾಗ ಡಿಸ್ಕ್ ಬಳಸುವುದು) ಇರಲ್ಲ, ನೆನಪಿನಲ್ಲಿರುವುದನ್ನು ಕುಗ್ಗಿಸಿಡುವ ಝಡ್‌ರ್‍ಯಾಮ್ ಆನ್ ಮಾಡಿ. ಟಕ್ಸ್ ಪೇಂಟ್ ಅನ್ನು 800×600ಕ್ಕೆ ಇಳಿಸಿದರೆ ಚೆನ್ನಾಗಿ ಓಡುತ್ತದೆ. ಬ್ರೌಸರ್‌ನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ 3 ಮಾತ್ರ ಅವುಗಳ ಕೈಯಲ್ಲಿ ಆಗಲ್ಲ, ಅದನ್ನು ಉಳಿದ 13ಕ್ಕೆ ಬಿಡಿ.

ಲ್ಯಾಬ್‌ಟೀಚರ್

ಒಂದು ಕ್ಲೈಂಟ್ 10ರಲ್ಲೇ ಇತ್ತು! ಕೇಬಲ್ ಬದಲಿಸಿ, ಪಾಝ್ ಆಫ್ ಮಾಡಿದೆ. ಈಗ ಎಲ್ಲ ಒಟ್ಟಿಗೆ ಏಳುತ್ತವೆ. ಡೆಬಿಯನ್ ಇಮೇಜ್ ಈ ವಾರಾಂತ್ಯಕ್ಕೆ. ಇವತ್ತು ಹೊಸದಾಗಿ ಸೇರಿದ ಇಬ್ಬರಿಗೆ ಸರ್ವರ್‌ನಲ್ಲಿ ಖಾತೆ ಮಾಡಿದೆ. ಸರ್ವರ್‌ನಲ್ಲಿ ಲಾಗಿನ್ ಆಗುತ್ತದೆ, ಕ್ಲೈಂಟ್‌ನಲ್ಲಿ ಆಗುತ್ತಿಲ್ಲ. ಯಾಕೆ?

ಸ್ವಿಚ್ಚುಗಂಟು

ಹೊಸ ಎಲ್‌ಟಿಎಸ್‌ಪಿಯಲ್ಲಿ ಬಳಕೆದಾರರ ಪಟ್ಟಿ ಬೂಟ್ ಆಗುವಾಗಲೇ ಕ್ಲೈಂಟ್‌ಗೆ ಹೋಗುತ್ತದೆ. ಖಾತೆ ಸೇರಿಸಿದ ಮೇಲೆ ಆ ಪಟ್ಟಿ ಹೊಸದು ಮಾಡಲು ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಆದೇಶ ಕೊಡಿ, ಕ್ಲೈಂಟ್ ರೀಬೂಟ್ ಮಾಡಿ. ಇಮೇಜ್ ಮತ್ತೆ ಕಟ್ಟಬೇಕಿಲ್ಲ, ಕೆಲವೇ ಸೆಕೆಂಡಿನ ಕೆಲಸ.