ಅಪ್‌ಡೇಟ್: ವಿಡಿಯೊ ಕರೆಯಲ್ಲಿ ಆಕ್ಸಿಮೀಟರ್ ಅಂಕಿ ಏರಿಳಿಯೋದು ನಿಂತಿತು

ಹೋದ ವಾರ ಕೇಳಿದ್ದು ಇದು: ರೋಣದ ಕಡೆ ಹಳ್ಳಿಗಳಲ್ಲಿ ಸಿಒಪಿಡಿ (ಉಸಿರುನಾಳ ಕಿರಿದಾಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರೋ ಹಿರಿಯರನ್ನ ಫೋನ್‌ನಾಗ ವಿಚಾರಿಸ್ತೀವಿ, ಬೆರಳಿಗೆ ಹಾಕಿ ರಕ್ತದಾಗ ಆಕ್ಸಿಜನ್ ಶೇಕಡಾ ಎಷ್ಟು ಅಂತ ನೋಡೋ ಆಕ್ಸಿಮೀಟರ್ ಒಮ್ಮೆ 86, ಒಮ್ಮೆ 94 ತೋರಿಸ್ತದ, ಯಾವುದನ್ನ ನಂಬೋದು?

ಹೊಸ ಮೀಟರ್ ತಗೊಳ್ರಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಿ. ಅದೂ ಹಂಗೇ ಕುಣಿತು. ಬ್ಯಾಟರಿ ಬದಲಿಸಿದ್ದೂ ದಂಡ. ಕೆಲಸ ಮಾಡಿದ್ದು "ಕೈ ಬೆಚ್ಚಗ ಮಾಡಿಸ್ರಿ" ಅಂದವರ ಮಾತು. ತಣ್ಣನ ಬೆರಳಿಗೆ ರಕ್ತ ಕಡಿಮಿ ಹರೀತದ, ಮೀಟರಿಗೆ ನಾಡಿ ಸರಿಯಾಗಿ ಸಿಗೂದಿಲ್ಲ. ಈಗ ಐದು ನಿಮಿಷ ಕೂಡ್ರಿಸಿ, ಅಂಗೈ ತಿಕ್ಕಿಸಿ, ಉಗುರಿಗೆ ಬಣ್ಣ, ಮದರಂಗಿ ಇಲ್ಲದ ಬೆರಳಿಗೆ ಹಾಕಿಸ್ತೀವಿ. ಕೈ ಎದಿ ಮಟ್ಟಕ್ಕ ಅಲುಗದಂಗ ಇರಬೇಕು. ಅಂಕಿ ನಿಂತ ಮೇಲೇ ಬರಕೊಳ್ಳೋದು, ಸಾಮಾನ್ಯವಾಗಿ ಒಂದು ನಿಮಿಷ ಹಿಡೀತದ.

ನೆಟ್‌ವರ್ಕ್ ಬಗ್ಗೆ ಹೇಳಿದವರಿಗೂ ಥ್ಯಾಂಕ್ಸ್: ಕರೆ ಕಡಿದ್ರ ಮನಿಯವರು ರೆಕಾರ್ಡ್ ಮಾಡಿದ ವಿಡಿಯೊ ಕಳಿಸಿದ್ರೂ ನಡೀತದ.

ಎಣಿಸದೇ ಇದ್ದದ್ದು ಇನ್ಹೇಲರ್ ವಿಷಯ. ಫೋನ್ ಮುಖದ ಪಕ್ಕಕ್ಕ ಇಡಿಸಿದಾಗ ತಪ್ಪು ಕಂಡ್ವು: ಪಂಪ್ ಒತ್ತಿ ಮುಗಿದ ಮೇಲೆ ಉಸಿರು ಎಳೆಯೋದು, ಪುಡಿ ಇರೋ ಕ್ಯಾಪ್ಸೂಲ್ ಯಂತ್ರಕ್ಕ ಹಾಕದೇ ನುಂಗೋದು! ಪಂಪ್ ಆದ್ರ ನಿಧಾನ ಎಳೀಬೇಕು, ಪುಡಿ ಆದ್ರ ಜೋರಾಗಿ. ಎರಡಕ್ಕೂ ಆದಷ್ಟು, ಹತ್ತು ಸೆಕೆಂಡಿನ ತನಕ, ಉಸಿರು ಹಿಡೀಬೇಕು. ಒತ್ತೋದು, ಎಳೆಯೋದು ಹೊಂದದವರಿಗೆ ಸ್ಪೇಸರ್ (ಪಂಪಿಗೆ ಜೋಡಿಸೋ, ಔಷಧ ಹಿಡಿದಿಡೋ ಕೊಳವಿ) ಬೇಕೇ ಬೇಕು. ಇನ್ಹೇಲರ್‌ನಾಗ ಸ್ಟೀರಾಯ್ಡ್ ಇದ್ರ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಮನಿಯಾಗ ಆಕ್ಸಿಜನ್ ಹಚ್ಚಿದ ಸಿಒಪಿಡಿಯವರಿಗೆ ಮೀಟರ್ ಅಂಕಿಯ ಗುರಿ ಸಾಮಾನ್ಯವಾಗಿ 88ರಿಂದ 92. ಅಂಕಿ 98 ಆಗ್ಲಿ ಅಂತ ಹರಿವು ಏರಿಸಬ್ಯಾಡ್ರಿ, ಕೆಲವರಿಗೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರ್ತದ. ಮಂಪರು, ಗೊಂದಲ, ತುಟಿ ನೀಲಿ ಕಂಡ್ರ ಕರೆ ಮುಂದುವರಿಸೋದಲ್ಲ, 108.